ಬೆಳೆಯುವ ನಗರಕ್ಕೆ ಆಸ್ಪತ್ರೆ ಸಾಲದಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನಗರ ಬೆಳೆದಂತೆಲ್ಲ ಆಸ್ಪತ್ರೆ ಸಾಲುತ್ತಿಲ್ಲ ಅನ್ನುವ ದೂರು ಏಳುತ್ತದೆ. ಅದರ ಬೆನ್ನಿಗೇ ಹೊಸ ಕಟ್ಟಡದ ಮಾತು ಬರುತ್ತದೆ. ಕಟ್ಟಡ ಬೇಕಾಗಬಹುದು. ಅದಕ್ಕೂ ಮೊದಲು ರೋಗಿಗಳು ಎಲ್ಲಿ, ಯಾತಕ್ಕೆ ಕಾಯುತ್ತಿದ್ದಾರೆ ಅಂತ ಗೊತ್ತಾಗಬೇಕು. ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಎಲ್ಲವನ್ನೂ ಒಂದೇ ಉಸಿರಿಗೆ ಓದಬೇಕಿಲ್ಲ.

ಆಸ್ಪತ್ರೆಯ ಸಾಮರ್ಥ್ಯ ಅಂದರೆ ಹಾಸಿಗೆಗಳ ಲೆಕ್ಕ ತಾನೆ?

ಅದೊಂದೇ ಅಲ್ಲ. ಬೋರ್ಡಿನ ಮೇಲೆ 300 ಹಾಸಿಗೆ ಅಂತ ಇರುತ್ತದೆ. ಅದರಲ್ಲಿ ಕೆಲವಕ್ಕೆ ನರ್ಸ್ ಇರುವುದಿಲ್ಲ. ಕೆಲವು ರಿಪೇರಿಗೆ ಕಾದಿರುತ್ತವೆ. ಇನ್ನು ಕೆಲವು ಯಾವುದೋ ಒಂದು ವಿಭಾಗಕ್ಕೆ ಮೀಸಲು ಅಂತ ಖಾಲಿ ಬಿದ್ದಿರುತ್ತವೆ. ರಾತ್ರಿ ಎರಡು ಗಂಟೆಗೆ ಎದೆನೋವು ಅಂತ ಬಂದವರಿಗೆ ಬೋರ್ಡಿನ ಸಂಖ್ಯೆಯಿಂದ ಏನೂ ಆಗಬೇಕಿಲ್ಲ. ಮಂಚ, ಪಕ್ಕದಲ್ಲಿ ಸಿಬ್ಬಂದಿ, ಗೋಡೆಯಲ್ಲಿ ಆಕ್ಸಿಜನ್, ಕೆಳಗೆ ಲ್ಯಾಬು, ಕೈಗೆ ಸಿಗುವ ಔಷಧಿ ಎಲ್ಲವೂ ಆ ಹೊತ್ತಿಗೆ ಒಟ್ಟಿಗೆ ಇರಬೇಕು. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆ ಇದೆಯೋ ಅಷ್ಟೇ ಆ ಆಸ್ಪತ್ರೆಯ ನಿಜವಾದ ಸಾಮರ್ಥ್ಯ.

ಒಂದು ನಗರಕ್ಕೆ ಎಷ್ಟು ಹಾಸಿಗೆ ಇರಬೇಕು? ಸರಿಯಾದ ಸಂಖ್ಯೆ ಅಂತ ಒಂದಿದೆಯಾ?

ಇಲ್ಲ. ಜಪಾನ್ ಮತ್ತು ದಕ್ಷಿಣ ಕೊರಿಯಾದಲ್ಲಿ ಸಾವಿರ ಜನಕ್ಕೆ 12ಕ್ಕೂ ಜಾಸ್ತಿ ಹಾಸಿಗೆಗಳಿವೆ. ಬ್ರಿಟನ್ ಮತ್ತು ಸ್ವೀಡನ್‌ನಲ್ಲಿ 3 ಕೂಡ ಇಲ್ಲ. ಹಾಗಂತ ಸ್ವೀಡನ್ನಿನವರ ಆರೋಗ್ಯ ಜಪಾನಿನವರಿಗಿಂತ ನಾಲ್ಕು ಪಟ್ಟು ಕೆಟ್ಟಿದೆಯಾ? ಖಂಡಿತ ಇಲ್ಲ. ಒಂದು ಕಡೆ ರೋಗಿ ಆಸ್ಪತ್ರೆಯಲ್ಲಿ ವಾರಗಟ್ಟಲೆ ಇರುತ್ತಾರೆ, ಇನ್ನೊಂದು ಕಡೆ ಎರಡು ಮೂರು ದಿನಕ್ಕೆ ಮನೆಗೆ ಹೋಗಿ ಅಲ್ಲೇ ಆರೈಕೆ ಪಡೆಯುತ್ತಾರೆ. ವಯಸ್ಸಾದವರ ಪ್ರಮಾಣ, ಮನೆ ಹತ್ತಿರದ ಕ್ಲಿನಿಕ್ಕು, ಅಪಘಾತಗಳು, ಹೆರಿಗೆಗಳು ಎಲ್ಲ ಸೇರಿ ಲೆಕ್ಕ ಬದಲಾಗುತ್ತದೆ. ಸಾವಿರಕ್ಕೆ ಇಷ್ಟು ಅನ್ನುವ ಗುರಿ ಭಾಷಣಕ್ಕೆ ಚೆನ್ನ. ಯೋಜನೆ ಮಾಡುವವರಿಗೆ ಅದು ಸಾಲದು.

ಹಾಗಾದರೆ ಲೆಕ್ಕ ಹಾಕುವುದು ಹೇಗೆ?

ಶುರುವಿಗೆ ಒಂದು ಸುಲಭದ ಗುಣಾಕಾರ ಸಾಕು. ದಿನಕ್ಕೆ ಎಷ್ಟು ಜನ ದಾಖಲಾಗುತ್ತಾರೆ, ಒಬ್ಬೊಬ್ಬರು ಸರಾಸರಿ ಎಷ್ಟು ದಿನ ಇರುತ್ತಾರೆ, ಎರಡನ್ನೂ ಗುಣಿಸಿ. ದಿನಕ್ಕೆ 60 ಜನ ಬಂದು ತಲಾ 5 ದಿನ ಇದ್ದರೆ ಯಾವತ್ತೂ ಸರಾಸರಿ 300 ಹಾಸಿಗೆ ತುಂಬಿರುತ್ತವೆ. ಇದನ್ನು ಲಿಟಲ್ ನಿಯಮ ಅನ್ನುತ್ತಾರೆ. ಜಾನ್ ಲಿಟಲ್ 1961ರಲ್ಲಿ ಇದಕ್ಕೆ ಗಣಿತದ ಪುರಾವೆ ಕೊಟ್ಟರು. ಅಂಗಡಿಯ ಸಾಲಿಗೂ ಕಾರ್ಖಾನೆಗೂ ಇದೇ ನಿಯಮ.

ಈಗ ಎರಡನೇ ಸಂಖ್ಯೆಯನ್ನು ಗಮನಿಸಿ. ಸರಾಸರಿ 5 ದಿನ ಇದ್ದದ್ದು ನಾಲ್ಕೂವರೆ ದಿನ ಆದರೆ 270 ಹಾಸಿಗೆ ಸಾಕು. ಅರ್ಧ ದಿನ ಉಳಿದದ್ದಕ್ಕೆ 30 ಹಾಸಿಗೆ ಸಿಕ್ಕಿತು. ಅಂದರೆ ಒಂದಿಡೀ ವಾರ್ಡು, ಒಂದು ಇಟ್ಟಿಗೆಯನ್ನೂ ಇಡದೆ. ಆದರೆ ಈ ಅರ್ಧ ದಿನವನ್ನು ರೋಗಿಯ ಚಿಕಿತ್ಸೆಯಿಂದ ಕಿತ್ತುಕೊಳ್ಳಬಾರದು, ಸುಮ್ನೆ ಕಾಯುವ ಹೊತ್ತಿನಿಂದ ತೆಗೆಯಬೇಕು. ಅವಸರ ಮಾಡಿ ಕಳಿಸಿದವರು ಮೂರನೇ ದಿನ ವಾಪಸ್ ಬಂದರೆ ಉಳಿಸಿದ್ದೆಲ್ಲ ಹೋಯಿತು.

300 ಹಾಸಿಗೆ ಬೇಕು ಅಂತ ಲೆಕ್ಕ ಬಂದರೆ 300 ಹಾಕಿದರೆ ಆಯಿತಲ್ವಾ? ಖಾಲಿ ಹಾಸಿಗೆ ದಂಡ ತಾನೆ?

ಇಲ್ಲೇ ತುಂಬ ಯೋಜನೆಗಳು ಎಡವುವುದು. 300 ಅನ್ನುವುದು ಸರಾಸರಿ. ಕೆಲವು ದಿನ 280 ಜನ ಇರುತ್ತಾರೆ, ಕೆಲವು ದಿನ 330. ಸರಾಸರಿಗೆ ಸರಿಯಾಗಿ ಕಟ್ಟಿದರೆ ಹೆಚ್ಚುಕಮ್ಮಿ ದಿನ ಬಿಟ್ಟು ದಿನ ಯಾರಾದರೂ ಕಾರಿಡಾರಿನಲ್ಲಿ ಸ್ಟ್ರೆಚರ್ ಮೇಲೆ ರಾತ್ರಿ ಕಳೆಯಬೇಕಾಗುತ್ತದೆ.

1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಬಗ್ಗೆ ಒಂದು ಅಧ್ಯಯನ ಬಂತು. ಕಂಪ್ಯೂಟರಿನಲ್ಲಿ ಒಂದು ಕಾಲ್ಪನಿಕ ಆಸ್ಪತ್ರೆ ಮಾಡಿ, ತುರ್ತಾಗಿ ಬರುವ ರೋಗಿಗಳನ್ನು ಅದರೊಳಗೆ ಹರಿಯಬಿಟ್ಟು ನೋಡಿದರು. ಸರಾಸರಿ 85% ಹಾಸಿಗೆ ತುಂಬುವವರೆಗೆ ತೊಂದರೆ ಅಷ್ಟಾಗಿ ಕಾಣಲಿಲ್ಲ. ಅದನ್ನು ದಾಟಿದ ಮೇಲೆ ಜಾಗ ಸಿಗದ ಅಪಾಯ ಶುರುವಾಯಿತು. 90% ದಾಟಿದರೆ ಹಾಸಿಗೆಗೆ ಆಗಾಗ ಹಾಹಾಕಾರ. ಈ 85 ಅನ್ನುವುದು ಎಲ್ಲ ಕಡೆಗೂ ಕಲ್ಲಿನ ಮೇಲೆ ಕೆತ್ತಿದ ಸಂಖ್ಯೆಯಲ್ಲ. ಆದರೂ 300 ಜನಕ್ಕೆ ಸುಮಾರು 350 ಹಾಸಿಗೆ ಇಟ್ಟುಕೊಳ್ಳುವುದು ದುಂದು ಅಲ್ಲ ಅನ್ನುವುದನ್ನು ಅದು ತೋರಿಸುತ್ತದೆ.

ಶೇಕಡಾ 97 ತುಂಬಿದೆ ಅಂತ ಹೆಮ್ಮೆಯಿಂದ ಹೇಳುವ ಆಸ್ಪತ್ರೆ ಎಷ್ಟು ಜನರನ್ನು ಬಾಗಿಲಲ್ಲೇ ವಾಪಸ್ ಕಳಿಸಿತು ಅಂತಲೂ ಹೇಳಬೇಕು. ಆ ಲೆಕ್ಕವನ್ನು ಬಹಳ ಕಡೆ ಬರೆದಿಡುವುದೇ ಇಲ್ಲ.

ಬಡಾವಣೆಗೊಂದು ಸಣ್ಣ ಆಸ್ಪತ್ರೆ ಒಳ್ಳೆಯದೋ, ಒಂದು ದೊಡ್ಡದು ಒಳ್ಳೆಯದೋ?

ಇದಕ್ಕೂ ಲೆಕ್ಕವಿದೆ. ಡೆನ್ಮಾರ್ಕಿನ ಎರ್ಲಾಂಗ್ ಅನ್ನುವವರು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದರು. ಎಷ್ಟು ಲೈನ್ ಇದ್ದರೆ ಎಷ್ಟು ಕರೆಗಳಿಗೆ 'ಬಿಜಿ' ಅಂತ ಬರುತ್ತದೆ ಅಂತ ಕಂಡುಹಿಡಿಯುವ ಸೂತ್ರವನ್ನು 1917ರಲ್ಲಿ ಪ್ರಕಟಿಸಿದರು. ಲೈನ್ ಇದ್ದಲ್ಲಿ ಹಾಸಿಗೆ ಇಟ್ಟರೂ ಸೂತ್ರ ನಡೆಯುತ್ತದೆ.

10 ಹಾಸಿಗೆಯ ಘಟಕಕ್ಕೆ ಸರಾಸರಿ 8 ಹಾಸಿಗೆಗಳಷ್ಟು ಬೇಡಿಕೆ ಇದೆ ಅಂದುಕೊಳ್ಳಿ. ಬಂದ ನೂರು ಜನರಲ್ಲಿ ಸುಮಾರು 12 ಜನರಿಗೆ ಜಾಗ ಸಿಗುವುದಿಲ್ಲ. 100 ಹಾಸಿಗೆ ಇದ್ದು 80ರಷ್ಟು ಬೇಡಿಕೆ ಇದ್ದರೆ? ನೂರಕ್ಕೆ ಒಬ್ಬರೂ ವಾಪಸ್ ಹೋಗುವುದಿಲ್ಲ. ಪ್ರಮಾಣ ಎರಡರಲ್ಲೂ ಅದೇ, ಫಲಿತಾಂಶ ಮಾತ್ರ ಪೂರಾ ಬೇರೆ. ಹಾಗಾಗಿ ಐಸಿಯು, ನವಜಾತ ಶಿಶುಗಳ ಘಟಕ, ಸುಟ್ಟಗಾಯದ ಘಟಕ ಇಂಥವನ್ನು ಹತ್ತು ಕಡೆ ಚೂರುಚೂರು ಮಾಡುವುದಕ್ಕಿಂತ ಒಂದೆರಡು ಕಡೆ ದೊಡ್ಡದಾಗಿ ಇಡುವುದು ವಾಸಿ. ಡಯಾಲಿಸಿಸ್, ಸಾಮಾನ್ಯ ಹೆರಿಗೆ, ಬಿಪಿ-ಶುಗರ್ ತಪಾಸಣೆ ಮಾತ್ರ ಮನೆಗೆ ಹತ್ತಿರವೇ ಇರಲಿ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವವರನ್ನು ನಗರದ ಈ ತುದಿಯಿಂದ ಆ ತುದಿಗೆ ಓಡಾಡಿಸುವುದು ಅನ್ಯಾಯ.

ಇದೇ ಲೆಕ್ಕ ಆಸ್ಪತ್ರೆಯ ಒಳಗೂ ಅನ್ವಯಿಸುತ್ತದೆ. ಇದು ಈ ವಿಭಾಗದ ಹಾಸಿಗೆ, ಅದು ಆ ಡಾಕ್ಟರ ಹಾಸಿಗೆ ಅಂತ ಬೇಲಿ ಹಾಕಿದಷ್ಟೂ ಒಂದು ಕಡೆ ಖಾಲಿ, ಇನ್ನೊಂದು ಕಡೆ ನೂಕುನುಗ್ಗಲು.

'ಬೆಡ್ ಖಾಲಿ ಇಲ್ಲ' ಅನ್ನುತ್ತಾರೆ. ಆದರೆ ಬೆಳಿಗ್ಗೆಯೇ ಡಿಸ್ಚಾರ್ಜ್ ಆದವರು ಸಂಜೆವರೆಗೂ ಅಲ್ಲೇ ಇರುತ್ತಾರೆ. ಯಾಕೆ?

ಒಂದು ಹಾಸಿಗೆಯ ಒಂದು ದಿನವನ್ನು ನೋಡೋಣ. ಒಂಬತ್ತೂವರೆಗೆ ರೌಂಡ್ಸ್‌ಗೆ ಬಂದ ಡಾಕ್ಟರು 'ನೀವು ಇವತ್ತು ಮನೆಗೆ ಹೋಗಬಹುದು' ಅನ್ನುತ್ತಾರೆ. ಡಿಸ್ಚಾರ್ಜ್ ಸಾರಾಂಶ ಬರೆಯಬೇಕಾದ ಕಿರಿಯ ಡಾಕ್ಟರು ಇನ್ನೂ ಇಪ್ಪತ್ತು ರೋಗಿಗಳನ್ನು ನೋಡಿ ಮುಗಿಸಬೇಕು. ಸಾರಾಂಶ ಕೈಗೆ ಬರುವಾಗ ಹನ್ನೆರಡೂವರೆ. ಆಮೇಲೆ ಬಳಸದ ಔಷಧಿ ಫಾರ್ಮಸಿಗೆ ವಾಪಸ್ ಹೋಗಬೇಕು, ಇಲ್ಲದಿದ್ದರೆ ಬಿಲ್ ಮುಗಿಯುವುದಿಲ್ಲ. ವಿಮೆ ಇದ್ದರೆ ಅವರ ಒಪ್ಪಿಗೆಗೆ ಮತ್ತೆರಡು ಗಂಟೆ. ಕರೆದುಕೊಂಡು ಹೋಗುವವರು ಕೆಲಸ ಮುಗಿಸಿ ಬರುವುದು ನಾಲ್ಕಕ್ಕೆ. ಗಾಲಿಕುರ್ಚಿ ಹುಡುಕುವುದು ಬೇರೆ. ರೋಗಿ ಹೊರಟ ಮೇಲೆ ಹಾಸಿಗೆ, ಮಂಚದ ಕಂಬಿ, ಲಾಕರು, ಸಲೈನ್ ಸ್ಟ್ಯಾಂಡು ಎಲ್ಲ ಒರೆಸಿ, ಹೊಸ ಚಾದರ ಹಾಸಿ, ಸಿಸ್ಟರ್ ಬಂದು ಕಂಪ್ಯೂಟರಿನಲ್ಲಿ 'ಖಾಲಿ' ಅಂತ ಒತ್ತುವಾಗ ಐದೂವರೆ. ಆ ಎಂಟು ಗಂಟೆಗಳಲ್ಲಿ ಅಲ್ಲಿ ಯಾವ ಚಿಕಿತ್ಸೆಯೂ ನಡೆದಿಲ್ಲ. ಕೆಳಗೆ ಕ್ಯಾಷುಯಾಲಿಟಿಯಲ್ಲಿ ಮಾತ್ರ ಒಬ್ಬರು ಬೆಳಿಗ್ಗೆಯಿಂದ ಅದೇ ಹಾಸಿಗೆಗೆ ಕಾಯುತ್ತಿದ್ದಾರೆ.

ಇದಕ್ಕೆ ಮದ್ದು ಇದೆ, ದುಬಾರಿಯೂ ಅಲ್ಲ. ನಾಳೆ ಯಾರು ಹೋಗುತ್ತಾರೆ ಅಂತ ಇವತ್ತೇ ಗುರುತು ಹಾಕಿ ಮನೆಯವರಿಗೆ ಹೇಳುವುದು. ಸಾರಾಂಶವನ್ನು ಹಿಂದಿನ ಸಂಜೆಯೇ ಬರೆದಿಡುವುದು. ಮನೆಗೆ ಹೊರಡುವವರು ಕೂತು ಕಾಯಲು ನರ್ಸ್ ಇರುವ ಒಂದು ಹಾಲ್ ಮಾಡುವುದು. ಹೊಸ ಬ್ಲಾಕ್ ಕೇಳುವ ಮುಂಚೆ ಯಾವ ಆಸ್ಪತ್ರೆಯಾದರೂ ಇಷ್ಟನ್ನು ಮಾಡಿ ತೋರಿಸಬೇಕು ಅನ್ನುವುದು ನನ್ನ ಹಟ.

ವಾರದ ಶುರುವಿನಲ್ಲಿ ಕಾಲಿಡಲು ಜಾಗವಿಲ್ಲ, ಶನಿವಾರ ಭಾನುವಾರ ಖಾಲಿ. ತುರ್ತು ರೋಗಿಗಳು ವಾರ ನೋಡಿ ಬರುತ್ತಾರಾ?

ಅಷ್ಟೇನೂ ಇಲ್ಲ. ಈ ಏರಿಳಿತವನ್ನು ಬಹುಮಟ್ಟಿಗೆ ಆಸ್ಪತ್ರೆಯೇ ಮಾಡಿಕೊಂಡಿರುತ್ತದೆ. ಅಪಘಾತ, ಹೃದಯಾಘಾತಗಳನ್ನು ಒಟ್ಟಾಗಿ ನೋಡಿದರೆ ಊಹಿಸಬಹುದಾದ ಲಯದಲ್ಲೇ ಬರುತ್ತವೆ. ಮೊದಲೇ ದಿನ ಗೊತ್ತು ಮಾಡಿದ ಆಪರೇಷನ್‌ಗಳು ಮಾತ್ರ ಸರ್ಜನ್ನರಿಗೆ ಅನುಕೂಲವಾದ ಎರಡು ಮೂರು ದಿನಗಳಲ್ಲಿ ಗುಂಪುಗೂಡುತ್ತವೆ. ಅವತ್ತು ಐಸಿಯು ತುಂಬುತ್ತದೆ. ಯೂಜೀನ್ ಲಿಟ್ವಾಕ್ ಅನ್ನುವ ತಜ್ಞರು ವರ್ಷಗಟ್ಟಲೆ ಇದನ್ನೇ ಹೇಳುತ್ತಾ ಬಂದಿದ್ದಾರೆ. ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆ ಅವರ ಮಾತು ಕೇಳಿ ಆಪರೇಷನ್ ಪಟ್ಟಿಯನ್ನು ವಾರದುದ್ದಕ್ಕೂ ಹರಡಿತು. ಹೊಸದಾಗಿ ಕಟ್ಟಬೇಕು ಅಂತಿದ್ದ ಹಾಸಿಗೆಗಳ ಯೋಜನೆಯನ್ನೇ ಕೈಬಿಡುವಷ್ಟು ಜಾಗ ಅಲ್ಲಿ ಸಿಕ್ಕಿತು. ಇದು ಸುಲಭ ಅಂತ ಮಾತ್ರ ಅಂದುಕೊಳ್ಳಬೇಡಿ. ಹಿರಿಯ ಸರ್ಜನ್ನರ ವೇಳಾಪಟ್ಟಿಗೆ ಕೈ ಹಾಕುವುದಕ್ಕಿಂತ ಆರು ಮಹಡಿ ಕಟ್ಟುವುದು ಎಷ್ಟೋ ವಾಸಿ ಅನ್ನುವ ಆಡಳಿತಗಾರರಿದ್ದಾರೆ.

ಬೆಳಿಗ್ಗೆ ಆಪರೇಷನ್, ಸಂಜೆ ಮನೆ. ಇದು ಸುರಕ್ಷಿತವಾ?

ಸರಿಯಾಗಿ ಆಯ್ದ ರೋಗಿಗಳಿಗೆ ಹೌದು. ಇದೇನು ಹೊಸದೂ ಅಲ್ಲ. ಗ್ಲಾಸ್ಗೋದ ಜೇಮ್ಸ್ ನಿಕೋಲ್ ಅನ್ನುವ ಸರ್ಜನ್ ಮಕ್ಕಳಿಗೆ ಹೀಗೆ ಮಾಡಿದ ಸುಮಾರು 9,000 ಆಪರೇಷನ್‌ಗಳ ವರದಿಯನ್ನು 1909ರಲ್ಲೇ ಕೊಟ್ಟಿದ್ದರು. ಇವತ್ತು ಕಣ್ಣಿನ ಪೊರೆ, ಹರ್ನಿಯಾ, ಎಷ್ಟೋ ಪಿತ್ತಕೋಶದ ಆಪರೇಷನ್‌ಗಳು ಒಂದೇ ದಿನದಲ್ಲಿ ಮುಗಿಯುತ್ತವೆ. ದೊಡ್ಡ ಆಪರೇಷನ್‌ಗಳಲ್ಲೂ ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ತೋರಿಸಿದ ದಾರಿ ಇದೆ. ನೋವು ಚೆನ್ನಾಗಿ ತಗ್ಗಿಸಿ, ಬೇಗ ಊಟ ಕೊಟ್ಟು, ಬೇಗ ನಡೆಸಿದರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾರೆ. ಮನೆಯಲ್ಲಿ ನೋಡಿಕೊಳ್ಳುವವರು, ರಾತ್ರಿ ಫೋನ್ ಎತ್ತುವ ನರ್ಸ್, ತೊಂದರೆಯಾದರೆ ಬೇಗ ವಾಪಸ್ ಬರುವ ದಾರಿ, ಈ ಮೂರೂ ಇದ್ದರೆ ಸರಿ.

ಹೊಸ ಹಾಸಿಗೆಗೆ ಎಷ್ಟು ನರ್ಸ್ ಬೇಕು?

ಜನ ಅಂದುಕೊಳ್ಳುವುದಕ್ಕಿಂತ ತುಂಬ ಜಾಸ್ತಿ. 20 ಹಾಸಿಗೆಯ ಐಸಿಯು ತೆಗೆದುಕೊಳ್ಳಿ. ತೀರಾ ಗಂಭೀರವಾದವರಿಗೆ ಒಬ್ಬರಿಗೊಬ್ಬರು ನರ್ಸ್ ಬೇಕು. ವಾರಕ್ಕೆ 168 ಗಂಟೆ, ಒಬ್ಬರು ದುಡಿಯುವುದು 40 ಗಂಟೆ. ಅಲ್ಲಿಗೆ ಒಂದು ಹಾಸಿಗೆಗೆ ನಾಲ್ಕಕ್ಕೂ ಮಿಕ್ಕಿ. ರಜೆ, ಹುಷಾರಿಲ್ಲದ ದಿನ, ತರಬೇತಿ ಸೇರಿಸಿದರೆ ಐದು. ಅಂದರೆ 20 ಹಾಸಿಗೆಗೆ ಸುಮಾರು 100 ನರ್ಸ್‌ಗಳು. ಒಬ್ಬರು ಇಬ್ಬರನ್ನು ನೋಡಿಕೊಂಡರೂ 50 ಜನ ಬೇಕೇ ಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಈ ಪ್ರಮಾಣವನ್ನು ಕಾನೂನಿಗೇ ತಂದಿತು. 1999ರಲ್ಲಿ ಕಾನೂನು ಪಾಸಾಗಿ 2004ರಿಂದ ಜಾರಿಗೆ ಬಂತು. ಅದರ ಪ್ರಕಾರ ಐಸಿಯುನಲ್ಲಿ ಒಬ್ಬ ನರ್ಸ್‌ಗೆ ಇಬ್ಬರಿಗಿಂತ ಜಾಸ್ತಿ ರೋಗಿಗಳನ್ನು ಕೊಡುವಂತಿಲ್ಲ. ಇದರ ಜತೆಗೆ ಅರಿವಳಿಕೆ ಡಾಕ್ಟರು, ಲ್ಯಾಬ್ ತಂತ್ರಜ್ಞರು, ವಾರ್ಡ್ ಬಾಯ್, ಆಯಾ, ಯಂತ್ರ ರಿಪೇರಿ ಮಾಡುವವರೂ ಬೇಕು. ಕೊನೆಯ ಮೂವರನ್ನು ಯೋಜನೆಯ ಕಾಗದದಲ್ಲಿ ಹುಡುಕಿದರೂ ಸಿಗುವುದಿಲ್ಲ. ಹಾಸಿಗೆ ಒರೆಸುವವರು ಇಬ್ಬರೇ ಇದ್ದರೆ ಖಾಲಿಯಾದ ಹಾಸಿಗೆ ರಾತ್ರಿವರೆಗೂ ಕೊಳೆಯಾಗಿಯೇ ಇರುತ್ತದೆ.

ನರ್ಸ್ ತಯಾರಾಗಲು ಮೂರ್ನಾಲ್ಕು ವರ್ಷ, ಐಸಿಯುನಲ್ಲಿ ಕೈ ಪಳಗಲು ಮತ್ತಷ್ಟು. ಕಟ್ಟಡಕ್ಕೆ ಅಡಿಗಲ್ಲು ಹಾಕಿದ ದಿನವೇ ತರಬೇತಿ ಶುರುವಾಗದಿದ್ದರೆ ಉದ್ಘಾಟನೆಯ ದಿನ ಪಕ್ಕದ ಆಸ್ಪತ್ರೆಯ ಸಿಬ್ಬಂದಿಯನ್ನು ಸೆಳೆಯುವುದೇ ಗತಿ. ಆಗ ನಗರದ ಒಟ್ಟು ಸಾಮರ್ಥ್ಯ ಒಂದಿಷ್ಟೂ ಏರುವುದಿಲ್ಲ.

ಹತ್ತು ದಿನದಲ್ಲಿ ಆಸ್ಪತ್ರೆ ಕಟ್ಟಿದವರಿದ್ದಾರಲ್ಲ? ನಮಗ್ಯಾಕೆ ಆಗುವುದಿಲ್ಲ?

ಚೀನಾದ ವುಹಾನ್‌ನಲ್ಲಿ 2020ರ ಜನವರಿ 23ರಂದು ಕೆಲಸ ಶುರುವಾಗಿ ಫೆಬ್ರವರಿ 2ಕ್ಕೆ 1,000 ಹಾಸಿಗೆಯ ಹುವೊಶೆನ್‌ಶಾನ್ ಆಸ್ಪತ್ರೆ ತಯಾರಾಯಿತು. ಎಲ್ಲರಿಗೂ ಅದು ನೆನಪಿದೆ. ಕಾರ್ಖಾನೆಯಲ್ಲಿ ಮಾಡಿ ತಂದ ಕೋಣೆಗಳನ್ನು ಜೋಡಿಸಿದ್ದರು. ಜನ ಮರೆತದ್ದು ಇನ್ನೊಂದು ಸಂಗತಿ. ಅದನ್ನು ನಡೆಸಲು ಸೇನೆಯ 1,400 ವೈದ್ಯಕೀಯ ಸಿಬ್ಬಂದಿಯನ್ನು ಕಳಿಸಿದ್ದರು.

ಅದೇ ವರ್ಷ ಏಪ್ರಿಲ್‌ನಲ್ಲಿ ಲಂಡನ್ನಿನ ಎಕ್ಸೆಲ್ ವಸ್ತುಪ್ರದರ್ಶನ ಕೇಂದ್ರವನ್ನು 4,000 ರೋಗಿಗಳವರೆಗೆ ಹಿಗ್ಗಿಸಬಹುದಾದ ನೈಟಿಂಗೇಲ್ ಆಸ್ಪತ್ರೆ ಮಾಡಿದರು. ಅದೂ ಅಷ್ಟೇ ಬೇಗ ಎದ್ದಿತು. ಮೊದಲ ಅಲೆಯಲ್ಲಿ ಅಲ್ಲಿ ಚಿಕಿತ್ಸೆ ಪಡೆದವರು ಐವತ್ತು ಚಿಲ್ಲರೆ ಜನ. ಉಳಿದ ಆಸ್ಪತ್ರೆಗಳು ತಮ್ಮಲ್ಲೇ ಜಾಗ ಮಾಡಿಕೊಂಡವು. ಜತೆಗೆ ಅಲ್ಲಿಗೆ ಕಳಿಸಲು ಐಸಿಯು ನರ್ಸ್‌ಗಳು ಸಾಕಷ್ಟು ಇರಲಿಲ್ಲ.

ಬೇಗ ಕಟ್ಟುವ ಯೋಚನೆ ಇನ್ನೂ ಹಳೆಯದು. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1855ರಲ್ಲಿ, ಎಂಜಿನಿಯರ್ ಬ್ರುನೆಲ್ ಇಂಗ್ಲೆಂಡಿನಲ್ಲಿ ಮರದ ಭಾಗಗಳನ್ನು ತಯಾರಿಸಿ, ಹಡಗಿನಲ್ಲಿ ಸಾಗಿಸಿ, ಡಾರ್ಡನೆಲ್ಸ್ ಜಲಸಂಧಿಯ ಹತ್ತಿರದ ರೆಂಕಿಯೋಯಿಯಲ್ಲಿ ಜೋಡಿಸುವ ಆಸ್ಪತ್ರೆ ರೂಪಿಸಿದರು. ಗಾಳಿ ಓಡಾಡುವ ವ್ಯವಸ್ಥೆ, ಚರಂಡಿ ಎಲ್ಲ ಅದರೊಳಗೇ ಇತ್ತು. ಇಂಥ ಜೋಡಣೆಯ ಕಟ್ಟಡ ಈಗಲೂ ಒಳ್ಳೆಯ ದಾರಿಯೇ. ಆದರೆ ಸಾಂಕ್ರಾಮಿಕಕ್ಕೆ ಎದ್ದ ಒಂದೇ ರೋಗದ ಆಸ್ಪತ್ರೆಗೂ ಮೂವತ್ತು ವರ್ಷ ಎಲ್ಲ ರೋಗ ನೋಡಬೇಕಾದ ಆಸ್ಪತ್ರೆಗೂ ತುಂಬ ವ್ಯತ್ಯಾಸವಿದೆ.

ಇರುವ ಕಟ್ಟಡದ ಮೇಲೆಯೇ ಎರಡು ಮಹಡಿ ಎತ್ತಿದರೆ ಮುಗಿಯಿತಲ್ಲ?

ಅಡಿಪಾಯಕ್ಕೆ ಆ ಭಾರ ಹೊರುವ ಶಕ್ತಿ ಇದ್ದರೆ ಎತ್ತಬಹುದು. ಆಮೇಲೂ ಸಮಸ್ಯೆಗಳಿವೆ. ಲಿಫ್ಟು ಹಳೆಯ ಲೆಕ್ಕದ್ದು. ರೋಗಿ ಸಮೇತ ಮಂಚ, ಜತೆಗೆ ವೆಂಟಿಲೇಟರ್, ಇಬ್ಬರು ಸಿಬ್ಬಂದಿ ಒಟ್ಟಿಗೆ ಹಿಡಿಯಬೇಕು. ಎರಡು ಮಹಡಿ ಜಾಸ್ತಿಯಾದರೆ ಅದೇ ಲಿಫ್ಟಿನ ಮುಂದೆ ಊಟದ ಗಾಡಿ, ಕೊಳೆ ಬಟ್ಟೆ, ಭೇಟಿಗೆ ಬಂದವರು, ಆಪರೇಷನ್‌ಗೆ ಹೊರಟ ರೋಗಿ ಎಲ್ಲ ಸಾಲು ನಿಲ್ಲುತ್ತಾರೆ. ಕೆಳಗಿನ ಎಕ್ಸ್‌ರೇ, ಲ್ಯಾಬು, ಅಡುಗೆಮನೆ ಹಿಗ್ಗದೆ ಮೇಲೆ ಹಾಸಿಗೆ ಮಾತ್ರ ಹಾಕಿದರೆ ಕಾಯುವ ಜಾಗ ಬದಲಾಗುತ್ತದೆ, ಅಷ್ಟೇ.

ಖಾಲಿ ಬಿದ್ದ ಹೋಟೆಲನ್ನೋ ವಸತಿ ಕಟ್ಟಡವನ್ನೋ ಆಸ್ಪತ್ರೆ ಮಾಡಬಹುದಾ?

ಚೇತರಿಸಿಕೊಳ್ಳುತ್ತಿರುವವರನ್ನು ಇಡಲು, ಒಪಿಡಿ ನಡೆಸಲು ಸರಿ. ಆಪರೇಷನ್ ಥಿಯೇಟರಿಗೆ ಕಷ್ಟ. ಥಿಯೇಟರಿನಲ್ಲಿ ಗಂಟೆಗೆ 20 ಸಲ ಗಾಳಿ ಬದಲಾಗಬೇಕು ಅನ್ನುವುದು ಬಹಳ ಕಡೆ ಪಾಲಿಸುವ ಮಟ್ಟ. ಗಾಳಿಯಲ್ಲಿ ಹರಡುವ ರೋಗದವರ ಕೋಣೆಯಲ್ಲಿ 12 ಸಲ. ಅದಕ್ಕೆ ಚಾವಣಿಯ ಮೇಲೆ ದಪ್ಪ ದಪ್ಪ ಕೊಳವೆಗಳು ಹೋಗಬೇಕು. ಹಾಗಾಗಿ ಆಸ್ಪತ್ರೆಯ ಒಂದೊಂದು ಮಹಡಿ ನಾಲ್ಕು ಮೀಟರಿಗೂ ಮಿಕ್ಕಿ ಎತ್ತರ ಇರುತ್ತದೆ. ಮನೆಗಳದ್ದು ಸುಮಾರು ಮೂರು. ಆ ಒಂದು ಮೀಟರನ್ನು ಆಮೇಲೆ ಎಲ್ಲಿಂದ ತರುತ್ತೀರಿ? ಬಾಗಿಲು ಕಿರಿದಾಗಿದ್ದರೆ ಮಂಚ ತಿರುಗುವುದೂ ಇಲ್ಲ.

ಆಸ್ಪತ್ರೆ ನಡೆಯುತ್ತಿರುವಾಗಲೇ ಪಕ್ಕದಲ್ಲಿ ಕಟ್ಟುವುದು ಅಪಾಯವಾ?

ಎಚ್ಚರ ತಪ್ಪಿದರೆ ಅಪಾಯವೇ. ಗೋಡೆ ಒಡೆದಾಗ ಏಳುವ ದೂಳಿನಲ್ಲಿ ಆಸ್ಪರ್ಜಿಲಸ್ ಅನ್ನುವ ಶಿಲೀಂಧ್ರದ ಕಣಗಳಿರುತ್ತವೆ. ಆರೋಗ್ಯವಂತರು ದಿನಾ ಉಸಿರಾಡಿದರೂ ಏನೂ ಆಗುವುದಿಲ್ಲ. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರಿಗೆ, ಅಂಗ ಕಸಿ ಆದವರಿಗೆ ಅದು ಜೀವಕ್ಕೇ ಕುತ್ತು. ಹಾಗಾಗಿ ಕೆಲಸ ನಡೆಯುವ ಜಾಗವನ್ನು ನೆಲದಿಂದ ಚಾವಣಿವರೆಗೆ ಗಾಳಿಯಾಡದಂತೆ ಮುಚ್ಚಬೇಕು. ಒಳಗಿನ ಗಾಳಿ ವಾರ್ಡಿನ ಕಡೆಗಲ್ಲ, ಹೊರಗೇ ಹೋಗುವಂತೆ ಫ್ಯಾನ್ ಇಡಬೇಕು. ಕೆಲಸಗಾರರು ಹೊರಬರುವಲ್ಲಿ ದೂಳು ಅಂಟಿಕೊಳ್ಳುವ ಮ್ಯಾಟ್ ಹಾಸಬೇಕು. ಮಧ್ಯಾಹ್ನ ಊಟಕ್ಕೆ ಹೊರಟವರು ಪ್ಲಾಸ್ಟಿಕ್ ಪರದೆಯನ್ನು ಹಾಗೇ ಸರಿಸಿ ಬಿಟ್ಟು ಹೋದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. ದಿನಾ ಹೋಗಿ ನೋಡುವ ಒಬ್ಬರು ಬೇಕು, ಕೆಲಸ ನಿಲ್ಲಿಸುವ ಅಧಿಕಾರವೂ ಅವರಿಗಿರಬೇಕು.

ಆಕ್ಸಿಜನ್ ಟ್ಯಾಂಕ್ ತುಂಬಿದ್ದರೂ ರೋಗಿಗೆ ಸಾಲದೆ ಹೋಗುವುದು ಹೇಗೆ?

ಟ್ಯಾಂಕಿನಲ್ಲಿ ಇರುವುದು ದ್ರವ. ಅದು ಅನಿಲವಾದಾಗ ಸುಮಾರು 860 ಪಟ್ಟು ಹಿಗ್ಗುತ್ತದೆ. ಸುರುಳಿ ಕೊಳವೆಗಳ ಮೂಲಕ ಹೊರಗಿನ ಗಾಳಿಯ ಶಾಖ ಎಳೆದುಕೊಂಡು ಅದು ಅನಿಲವಾಗುತ್ತದೆ. ಲೆಕ್ಕಕ್ಕಿಂತ ಜಾಸ್ತಿ ಎಳೆದರೆ ಆ ಕೊಳವೆಗಳ ಮೇಲೆ ಹಿಮ ಕಟ್ಟುತ್ತದೆ, ಶಾಖ ಒಳಗೆ ಹೋಗುವುದಿಲ್ಲ, ಹರಿವು ಕುಸಿಯುತ್ತದೆ. ಮೂಗಿನ ಮೂಲಕ ರಭಸವಾಗಿ ಕೊಡುವ ಹೈ ಫ್ಲೋ ಯಂತ್ರ ಒಬ್ಬರಿಗೇ ನಿಮಿಷಕ್ಕೆ 60 ಲೀಟರ್‌ವರೆಗೆ ಹರಿಸಬಲ್ಲದು. ಹತ್ತು ಜನರಿಗೆ ಅಂತ ಹಾಕಿದ ಪೈಪಿನ ಕೊನೆಯಲ್ಲಿ ಮೂವತ್ತು ಜನ ಇದ್ದರೆ ಕೊನೆಯ ಹಾಸಿಗೆಗೆ ಒತ್ತಡವೇ ಇರುವುದಿಲ್ಲ. ಹೊಸ ಹಾಸಿಗೆ ಸೇರಿಸುವಾಗ ಟ್ಯಾಂಕಿನ ಗಾತ್ರ ಮಾತ್ರ ಕೇಳದೆ ಪೈಪಿನ ಅಗಲವನ್ನೂ ಕೇಳಿ.

ಜನರೇಟರ್ ಇದ್ದರೆ ಸಾಕಲ್ವಾ?

ಅದನ್ನು ಎಲ್ಲಿ ಇಟ್ಟಿದ್ದಾರೆ? 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಬಡಿದಾಗ ಬೆಲ್‌ವ್ಯೂ ಆಸ್ಪತ್ರೆಯ ಜನರೇಟರ್‌ಗಳು 13ನೇ ಮಹಡಿಯಲ್ಲಿ ಕ್ಷೇಮವಾಗಿದ್ದವು. ಇಂಧನ ಮೇಲೆತ್ತುವ ಪಂಪು ನೆಲಮಾಳಿಗೆಯಲ್ಲಿತ್ತು. ಅಲ್ಲಿ ನೀರು ತುಂಬಿತು. ಸಿಬ್ಬಂದಿ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ಇಂಧನ ದಾಟಿಸಿದರು. ಕೊನೆಗೆ ಆಸ್ಪತ್ರೆಯನ್ನೇ ಖಾಲಿ ಮಾಡಬೇಕಾಯಿತು. ನಗರ ಬೆಳೆದಂತೆ ಕೆರೆ, ಕಾಲುವೆ, ತಗ್ಗು ಜಾಗಗಳು ಮುಚ್ಚಿಹೋಗುತ್ತವೆ. ಹಿಂದೆಂದೂ ನೀರು ನಿಲ್ಲದ ನೆಲಮಾಳಿಗೆಗೂ ಆಗ ನೀರು ನುಗ್ಗುತ್ತದೆ.

ಕಸ ಮತ್ತು ನೀರಿನ ಕತೆ ಏನು?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆಸ್ಪತ್ರೆ ಕಸದಲ್ಲಿ ಸುಮಾರು 85% ಮನೆಯ ಕಸದಂಥದ್ದೇ, ಅಪಾಯಕಾರಿಯಾದದ್ದು 15%. ಎರಡನ್ನೂ ಬೆರೆಸಿದರೆ ಎಲ್ಲವೂ ಅಪಾಯಕಾರಿ. ವಾರ್ಡಿನಲ್ಲೇ ಬೇರೆ ಮಾಡಬೇಕು. ಇನ್ನು ನೀರು. ಹಾಸಿಗೆ ಹೆಚ್ಚಿದಷ್ಟೂ ಒಗೆಯುವ ಬಟ್ಟೆ, ಡಯಾಲಿಸಿಸ್, ಶೌಚಾಲಯ ಎಲ್ಲ ಹೆಚ್ಚುತ್ತವೆ. ಅದರ ಕೊಳಚೆ ನೀರಿಗೂ ದಾರಿ ಬೇಕು.

ಕಟ್ಟಿ ಮುಗಿಸುವಷ್ಟರಲ್ಲಿ ಮತ್ತೆ ಸಾಲದಾಗುತ್ತದೆ. ಎಷ್ಟು ವರ್ಷ ಮುಂದಿನದು ನೋಡಿ ಕಟ್ಟಬೇಕು?

ವರ್ಷಕ್ಕೆ 4% ಬೆಳೆಯುವ ನಗರ ಸುಮಾರು 18 ವರ್ಷದಲ್ಲಿ ಎರಡು ಪಟ್ಟಾಗುತ್ತದೆ. ಯೋಜನೆಯಿಂದ ಉದ್ಘಾಟನೆಗೆ ಏಳು ವರ್ಷ ಹಿಡಿದರೆ ಅಷ್ಟರಲ್ಲೇ ಜನ ಮೂರನೇ ಒಂದರಷ್ಟು ಹೆಚ್ಚಿರುತ್ತಾರೆ. ಇವತ್ತಿನ ಜನಸಂಖ್ಯೆಗೆ ಕಟ್ಟಿದ ಆಸ್ಪತ್ರೆ ಬಾಗಿಲು ತೆರೆಯುವ ದಿನವೇ ಸಣ್ಣದು.

ಹಾಗಂತ ಇಪ್ಪತ್ತು ವರ್ಷದ ಬೇಡಿಕೆಯನ್ನು ಒಂದೇ ಸಲ ಕಟ್ಟುವುದೂ ಜಾಣತನವಲ್ಲ. ಅಷ್ಟರಲ್ಲಿ ವೈದ್ಯವೇ ಬದಲಾಗಿರುತ್ತದೆ. ಬೆಳೆಯಲು ದಾರಿ ಬಿಟ್ಟು ಕಟ್ಟುವುದು ಮೇಲು. ಜಾನ್ ವೀಕ್ಸ್ ಅನ್ನುವ ವಾಸ್ತುಶಿಲ್ಪಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯನ್ನು 1960ರ ದಶಕದಲ್ಲಿ ಹಾಗೆ ರೂಪಿಸಿದರು. ಒಳಗೆ ಬೀದಿಯಂಥ ಒಂದು ಉದ್ದ ಓಡುದಾರಿ. ಅದಕ್ಕೆ ಅಂಟಿಕೊಂಡ ಕಟ್ಟಡಗಳು ತುದಿಯಲ್ಲಿ ಬೆಳೆಯಬಹುದು. ಬಾತ್‌ರೂಮು, ಮೆಟ್ಟಿಲು, ಲಿಫ್ಟು ಇಂಥ ಕದಲಿಸಲಾಗದವನ್ನು ಆ ತುದಿಗೆ ಇಡಬಾರದು. ಕೆಲವರು ಒಂದು ಮಹಡಿಯನ್ನು ಗೋಡೆ, ವೈರಿಂಗ್ ಇಲ್ಲದೆ ಬರಿದಾಗಿ ಬಿಟ್ಟು ಬೇಕಾದಾಗ ತುಂಬಿಕೊಳ್ಳುತ್ತಾರೆ. ಇದು ನನಗೆ ತುಂಬ ಇಷ್ಟವಾದ ಉಪಾಯ. ಲೆಕ್ಕ ತಪಾಸಣೆ ಮಾಡುವವರಿಗೆ ಮಾತ್ರ ಇಷ್ಟವಾಗುವುದಿಲ್ಲ.

ಎಷ್ಟು ಹಾಸಿಗೆ ಹಾಕಿದರೂ ತುಂಬಿಬಿಡುತ್ತವಂತೆ. ನಿಜವಾ?

ಮಿಲ್ಟನ್ ರೋಮರ್ ಅನ್ನುವ ಸಂಶೋಧಕರು ಸುಮಾರು 1960ರ ಹೊತ್ತಿಗೆ ಇದನ್ನೇ ಹೇಳಿದರು. ಖರ್ಚನ್ನು ಬೇರೆ ಯಾರೋ ಭರಿಸುವಲ್ಲಿ ಹಾಸಿಗೆ ಇದ್ದರೆ ಅದಕ್ಕೆ ರೋಗಿ ಸಿಗುತ್ತಾರೆ ಅಂತ. ಅರ್ಧ ನಿಜ. ಜಾಗ ಇದ್ದರೆ ಒಂದು ದಿನ ಜಾಸ್ತಿ ಇಟ್ಟುಕೊಳ್ಳುವುದು ನಡೆಯುತ್ತದೆ. ಆದರೆ ಬೆಳೆಯುವ ನಗರದಲ್ಲಿ ಹಾಸಿಗೆ ತುಂಬುವುದಕ್ಕೆ ಇನ್ನೊಂದು ಕಾರಣವಿದೆ. ಇಷ್ಟು ದಿನ ಎಲ್ಲೂ ಜಾಗ ಸಿಗದೆ ಮನೆಯಲ್ಲೇ ನರಳುತ್ತಿದ್ದವರು ಈಗ ಬರುತ್ತಾರೆ. ಅವರನ್ನು ಅನಗತ್ಯ ಬೇಡಿಕೆ ಅನ್ನುವುದು ಕ್ರೂರ.

ಕ್ಲಿನಿಕ್ಕುಗಳನ್ನು ಹೆಚ್ಚಿಸಿದರೆ ಆಸ್ಪತ್ರೆಯೇ ಬೇಡವಾಗುತ್ತದಾ?

ಬೇಡವಾಗುವುದಿಲ್ಲ, ಹೊರೆ ಇಳಿಯುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅಸ್ತಮಾ ಇವನ್ನು ಮನೆ ಹತ್ತಿರವೇ ಹತೋಟಿಯಲ್ಲಿಟ್ಟರೆ ಎಷ್ಟೋ ದಾಖಲಾತಿ ತಪ್ಪುತ್ತದೆ. ಆದರೆ ಕ್ಲಿನಿಕ್ಕು ಸಂಜೆ ಐದಕ್ಕೆ ಬಾಗಿಲು ಹಾಕಿದರೆ ದುಡಿಯುವ ಜನ ರಾತ್ರಿ ಕ್ಯಾಷುಯಾಲಿಟಿಗೇ ಹೋಗುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ.

ಖಾಸಗಿಯವರಿಗೆ ಕಟ್ಟಲು, ನಡೆಸಲು ಕೊಟ್ಟರೆ ಬೇಗ ಆಗುತ್ತದೆಯಲ್ಲ?

ಕಟ್ಟಡ ಬೇಗ ಆಗಬಹುದು. ಒಪ್ಪಂದ ಓದಿ. 25-30 ವರ್ಷದ ಒಪ್ಪಂದದಲ್ಲಿ ಮಧ್ಯೆ ಒಂದು ವಾರ್ಡನ್ನು ಬದಲಾಯಿಸಬೇಕಾದರೂ ಪ್ರತಿ ಸಲ ಚೌಕಾಸಿ ಮಾಡಬೇಕಾಗುತ್ತದೆ. ಬ್ರಿಟನ್ ಇಂಥ ವ್ಯವಸ್ಥೆಯಲ್ಲಿ ಸಾಕಷ್ಟು ಆಸ್ಪತ್ರೆ ಕಟ್ಟಿ, ಹೊಸ ಯೋಜನೆಗಳಿಗೆ ಅದು ಬೇಡ ಅಂತ 2018ರಲ್ಲಿ ಘೋಷಿಸಿತು. ತುರ್ತು ರೋಗಿಯನ್ನು ವಾಪಸ್ ಕಳಿಸುವಂತಿಲ್ಲ ಅನ್ನುವ ಷರತ್ತು ಬರಹದಲ್ಲಿ ಇದೆಯಾ, ಅದನ್ನು ಮುರಿದರೆ ಏನಾಗುತ್ತದೆ ಅನ್ನುವುದನ್ನು ಮೊದಲು ನೋಡಿ.

ಕಟ್ಟಡ ಸಿದ್ಧವಾಗಿ ತಿಂಗಳುಗಳಾದರೂ ರೋಗಿಗಳನ್ನು ಸೇರಿಸುತ್ತಿಲ್ಲ. ಸುಮ್ನೆ ತಡ ಮಾಡುತ್ತಿದ್ದಾರಾ?

ಕೆಲವು ಸಲ ಹೌದು, ಸಿಬ್ಬಂದಿ ನೇಮಕ ಆಗಿರುವುದಿಲ್ಲ. ಆದರೆ ಒಂದಷ್ಟು ತಡ ಬೇಕೇ ಬೇಕು. ಪ್ರತಿ ಹಾಸಿಗೆಯ ಗೋಡೆಯಲ್ಲಿ ಆಕ್ಸಿಜನ್ ಅಂತ ಬರೆದಲ್ಲಿ ಆಕ್ಸಿಜನ್ನೇ ಬರುತ್ತಿದೆಯಾ ಅಂತ ಯಂತ್ರ ಇಟ್ಟು ನೋಡಬೇಕು. ಪೈಪು ಅದಲುಬದಲಾದರೆ ಜೀವ ಹೋಗುತ್ತದೆ. ಕರೆಂಟು ತೆಗೆದು ಜನರೇಟರ್ ಎಷ್ಟು ಸೆಕೆಂಡಿಗೆ ಹತ್ತಿಕೊಳ್ಳುತ್ತದೆ ಅಂತ ಅಳೆಯಬೇಕು. ಬಳಸದೆ ನಿಂತ ನಲ್ಲಿಗಳ ಉಗುರುಬೆಚ್ಚಗಿನ ನೀರಿನಲ್ಲಿ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದವರಿಗೆ ನ್ಯುಮೋನಿಯಾ ತಂದು ಮೊದಲು ಹೆಸರಾದದ್ದು ಇದೇ. ಹಾಗಾಗಿ ಹೊಸ ಆಸ್ಪತ್ರೆಯ ಒಂದೊಂದು ನಲ್ಲಿಯನ್ನೂ ದಿನಾ ತೆರೆದು ನೀರು ಹರಿಯಬಿಡಬೇಕು, ಪರೀಕ್ಷೆಗೆ ಕಳಿಸಬೇಕು.

ಆಮೇಲೆ ಒಂದು ತಾಲೀಮು. ಸಿಬ್ಬಂದಿಯಲ್ಲೇ ಒಬ್ಬರನ್ನು ಸ್ಟ್ರೆಚರ್ ಮೇಲೆ ಮಲಗಿಸಿ, ಆಂಬುಲೆನ್ಸ್ ಬಾಗಿಲಿನಿಂದ ಸ್ಕ್ಯಾನಿಂಗ್‌ಗೆ, ಅಲ್ಲಿಂದ ಥಿಯೇಟರಿಗೆ, ಐಸಿಯುಗೆ ನಿಜವಾಗಿ ತಳ್ಳಿಕೊಂಡು ಹೋಗುವುದು. ಯಾವ ಬಾಗಿಲು ಉಲ್ಟಾ ತೆರೆಯುತ್ತದೆ, ಯಾವ ತಿರುವಿನಲ್ಲಿ ಮಂಚ ಸಿಕ್ಕಿಕೊಳ್ಳುತ್ತದೆ, ರಕ್ತ ತರಲು ಎಷ್ಟು ನಿಮಿಷ ಬೇಕು ಅಂತ ಆಗ ಗೊತ್ತಾಗುತ್ತದೆ. ನಕ್ಷೆಯಲ್ಲಿ ಇವು ಕಾಣುವುದಿಲ್ಲ. ತಾಲೀಮು ರಾತ್ರಿ ಪಾಳಿಯಲ್ಲೂ ಒಂದು ಸಲ ಆಗಬೇಕು, ಯಾಕಂದರೆ ಆಗ ಜನ ಕಡಿಮೆ. ಅದು ಮುಗಿದ ಮೇಲೆ ಮೊದಲು ಒಪಿಡಿ, ಆಮೇಲೆ ಒಂದು ವಾರ್ಡು, ಆಮೇಲೆ ಥಿಯೇಟರು, ಐಸಿಯು ಹೀಗೆ ಒಂದೊಂದಾಗಿ ತೆರೆಯುತ್ತಾ ಹೋಗುವುದು ಸರಿಯಾದ ಕ್ರಮ.